ಇಳಿಸಬಾರದ ಸ್ವರ

ಊರಿನ ಮನೆ, ಮಾನಿ
೧೯ ಆಗಸ್ಟ್ ೨೦೧೦, ಗುರುವಾರ

ಪ್ರೀತಿಯ ತಮ್ಮ ಅರ್ಗಿರೀಸ್,

ಹೇಗಿದ್ದೀಯ ಎಂದು ಕೇಳುವುದಕ್ಕೇ ಭಯವಾಗುತ್ತದೆ. ಆದರೂ ಅದನ್ನು ಕೇಳದೆ ಕಾಗದ ಶುರು ಮಾಡಲು ನನಗೆ ಬರುವುದಿಲ್ಲ. ಹೊಟ್ಟೆಯ ಉರಿ ಹೇಗಿದೆ? ಮಾತ್ರೆ ಮುಗಿದು ಎಷ್ಟು ಕಾಲವಾಯಿತೋ. ಕುಡಿಯುವ ನೀರು ಚೆನ್ನಾಗಿದೆಯೇ? ಆ ಬಂದೂಕಿನವರು ಕೆಳಗೆ ಎಂಜಿನ್ ಕೋಣೆಗೂ ಇಳಿದು ಬರುತ್ತಾರೋ, ಅಥವಾ ಅಲ್ಲಿನ ಸೆಖೆಗೆ ಹೆದರಿ ನಿನ್ನನ್ನು ನಿನ್ನ ಪಾಡಿಗೆ ಬಿಟ್ಟಿದ್ದಾರೋ? ಈಸ್ಟರ್ ಮುಗಿದ ವಾರ ನಿಮ್ಮ ಹಡಗನ್ನು ಸೊಮಾಲಿಯಾದ ಕಡೆಗೆ ಎಳೆದುಕೊಂಡು ಹೋದಾಗಿನಿಂದ ಪಿರಾಯಸ್ ಬಂದರಿನ ಹಡಗು ಕಂಪನಿಯ ಕಚೇರಿಯವರು ನಮಗೆ ಹೇಳುತ್ತಿರುವುದು ಒಂದೇ ವಾಕ್ಯ: "ಎಲ್ಲರೂ ಆರೋಗ್ಯವಾಗಿದ್ದಾರೆ." ಹೇಳುವ ಹುಡುಗ ಒಳ್ಳೆಯವನು. ಆದರೆ ಅವನು ಅದನ್ನು ಹೇಳುವ ರೀತಿ ಹೇಗಿದೆಯೆಂದರೆ, ಎದುರಿಗೆ ಬರೆದಿಟ್ಟುಕೊಂಡು ಓದುತ್ತಿದ್ದಾನೆ ಎನಿಸುತ್ತದೆ. ನಿನ್ನೆ ಮಾತ್ರ ಹೊಸದೊಂದು ಹೇಳಿದ. ಹಡಗಿಗೆ ಔಷಧ ಒಯ್ಯುವ ದೋಣಿಯೊಂದಕ್ಕೆ ಅನುಮತಿ ಸಿಕ್ಕಿದೆಯಂತೆ, ಮನೆಯವರ ಕಾಗದಗಳನ್ನೂ ಅದರಲ್ಲಿ ಕಳಿಸುತ್ತಾರಂತೆ. ನಾಳೆ ಬೆಳಗಿನ ಬಸ್ಸಿನ ಚಾಲಕನ ಕೈಗೆ ಇದನ್ನು ಕೊಟ್ಟರೆ ಸಂಜೆಗೆ ಪಿರಾಯಸ್ ತಲುಪುತ್ತದೆ. ಅದಕ್ಕೇ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಅಮ್ಮ ಹೊರಗೆ ಕಟ್ಟೆಯ ಮೇಲೆ ಅಂಜೂರ ಒಣಹಾಕುತ್ತಿದ್ದಾಳೆ. ಈ ವರ್ಷ ಅಂಜೂರ ಎಷ್ಟು ಬಿಟ್ಟಿದೆ ಎಂದರೆ ಕಣಜದ ಹುಳುಗಳಿಗೂ ಬೇಸರ ಬಂದಿದೆ.

ಸುದ್ದಿ ಹೇಳುತ್ತೇನೆ. ನಿನಗೆ ಮಾಯೆಸ್ತ್ರೋ ಫೋಕಿಯೋನ್ ನೆನಪಿರಬೇಕು. ಅಪ್ಪನ ಜೊತೆ ಸೈನ್ಯದ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವರು, ಆಮೇಲೆ ಸಂಗೀತ ಬರೆಯುವವರಾಗಿ ದೊಡ್ಡವರಾದರು. ಅವರು ಎಷ್ಟೋ ವರ್ಷದಿಂದ ಬರೆಯುತ್ತಿದ್ದ 'ದೇವತೆಗಳ ಮಾಲೆ' ಕೊನೆಗೂ ಮುಗಿದಿದೆ. ಮುಂದಿನ ಮಂಗಳವಾರ, ಆಗಸ್ಟ್ ಹುಣ್ಣಿಮೆಯ ದಿನ, ಹಳೆಯ ಮೆಸ್ಸಿನಿಯ ಕಲ್ಲಿನ ರಂಗಮಂದಿರದಲ್ಲಿ ನಮ್ಮ ವಾದ್ಯವೃಂದ ಅದನ್ನು ನುಡಿಸಬೇಕು. ಒಬ್ಬೊಬ್ಬ ದೇವತೆಗೆ ಒಂದೊಂದು ಭಾಗ. ಕಲಾಮಾತಾದಲ್ಲಿ ಜೂನ್‌ನಿಂದ ಅಭ್ಯಾಸ ನಡೆದಿದೆ. ಕಮ್ಮಾರ ದೇವತೆ ಹೆಫೆಸ್ಟಸ್‌ನ ಭಾಗಕ್ಕೆ ಕಬ್ಬಿಣ ಬಡಿಯುವ ನಿಜವಾದ ಅಡಿಗಲ್ಲು ಬೇಕೆಂದು ಮಾಯೆಸ್ತ್ರೋ ಹಟ ಹಿಡಿದರು. ಬಂದರಿನ ಕಮ್ಮಾರ ಕೊಟ್ಟ, ಅದನ್ನು ಮಹಡಿಗೆ ಹತ್ತಿಸುವಾಗ ತಾಳವಾದ್ಯದವನ ಸೊಂಟ ಹಿಡಿದುಕೊಂಡಿತು. "ಕುಂಟ ದೇವರಿಗೆ ನುಡಿಸೋಕೆ ನಾನೂ ಕುಂಟಬೇಕಾ?" ಎಂದು ಅವನು ಕೂಗಾಡಿದ. ದೇವತೆಗಳ ಓಲೆಕಾರ ಹರ್ಮಿಸ್ ಎಲ್ಲ ಕೊಳಲುಗಳ ಓಟ, ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಒಲೆಯ ದೇವತೆ ಹೆಸ್ಟಿಯಾಳಿಗೆ ತಂತಿವಾದ್ಯಗಳು ಮಾತ್ರ, ಒಂದೇ ಸ್ವರವನ್ನು ಹತ್ತು ಬಣ್ಣದಲ್ಲಿ ಹಿಡಿದು ಕೂರುತ್ತವೆ. ಕೇಳುತ್ತಿದ್ದರೆ ಯಾರೋ ಬೂದಿಯ ಕೆಳಗಿನ ಕೆಂಡವನ್ನು ಊದುತ್ತಿದ್ದಾರೆ ಎನಿಸುತ್ತದೆ. ಇವೆಲ್ಲ ನುಡಿಸಬಲ್ಲೆ. ಆದರೆ ಕಡಲಿನ ದೊರೆ ಪೊಸಿಡಾನ್‌ನ ಭಾಗ ಬಂದಾಗ, ಅರ್ಗಿರೀ, ಕೆಳಗಿನಿಂದ ದೊಡ್ಡ ಕಹಳೆಗಳು, ನಗಾರಿ, ಮಂದ್ರದ ತಂತಿಗಳು ಎಲ್ಲ ಸೇರಿ ಏಳುತ್ತವಲ್ಲ, ಆಗ ನನ್ನ ಕಮಾನು ನಿಂತುಬಿಡುತ್ತದೆ. ಪಕ್ಕದವರು ನುಡಿಸುತ್ತಾರೆ, ನಾನು ನುಡಿಸುವವಳ ಹಾಗೆ ಕೈ ಆಡಿಸುತ್ತೇನೆ. ಎಲ್ಲರಿಗೂ ಗೊತ್ತು.

ನನ್ನ ಪಾಲಿಗೆ ಬಂದಿರುವುದು ಡಿಮೀಟರ್. ಪೈರಿನ ತಾಯಿ, ಮಗಳನ್ನು ಪಾತಾಳದ ದೊರೆ ಕದ್ದೊಯ್ದ ಮೇಲೆ ಅಳುತ್ತಾ ಭೂಮಿಯೆಲ್ಲ ಅಲೆಯುವವಳು. ಇಡೀ ವಾದ್ಯವೃಂದ ಉಸಿರು ಬಿಗಿಹಿಡಿದು ಕೂತಿರುತ್ತದೆ, ಅದರ ನಡುವೆ ಒಂಟಿ ವಿಯೋಲಾ ಅಳಬೇಕು. ನೀನು ಯಾವಾಗಲೂ "ಶೀತ ಹಿಡಿದ ವಯೋಲಿನ್" ಎಂದು ಹಂಗಿಸುತ್ತಿದ್ದೆಯಲ್ಲ, ಮಾಯೆಸ್ತ್ರೋ ಅದನ್ನು ಆರಿಸಿದ್ದೇ ಆ ಶೀತ ಹಿಡಿದ ದನಿಗಾಗಿ. "ಅತ್ತು ಅತ್ತು ಗಂಟಲು ಕಟ್ಟಿದ ಹೆಂಗಸು ಹೀಗೇ ಹಾಡೋದು" ಎಂದರು. ಆ ಅಳುವಿನ ಧಾಟಿ ಅಮ್ಮನದು. ಅಪ್ಪ ಹೋದಾಗ ಶವದ ತಲೆದೆಸೆಯಲ್ಲಿ ಕೂತು ಅಮ್ಮ ಹಾಡಿ ಅತ್ತಳಲ್ಲ, ಅಂದು ಮೂಲೆಯಲ್ಲಿ ಟೋಪಿ ಹಿಡಿದು ನಿಂತಿದ್ದ ಫೋಕಿಯೋನ್ ಅದನ್ನು ತಲೆಯಲ್ಲೇ ಹೊತ್ತುಕೊಂಡು ಹೋಗಿದ್ದರು. ನಮ್ಮ ಕಡೆ ಸಾವಿಗೆ ಹಾಡುವ ಹೆಂಗಸರು ಬೇಕಾದಷ್ಟಿದ್ದಾರೆ, ಆದರೆ ಊರವರು ಹೇಳುವ ಹಾಗೆ, ನಮ್ಮಮ್ಮ ಸ್ತಮಾತಾಳ ಎಳೆತ ಬೇರೆ. ಸಾಲಿನ ನಡುವೆ ಒಂದು ಕಡೆ ಮುರಿದಂತಾಗಿ ಮತ್ತೆ ಮೇಲಕ್ಕೆ ಹತ್ತುತ್ತದೆ, ಆಮೇಲೆ ಕೊನೆಗೆ ನಿಧಾನವಾಗಿ ಇಳಿಯುತ್ತದೆ. ಊರಲ್ಲಿ ಯಾರಿಗೆ ಬೇಕಾದರೂ ಕಣ್ಣು ಮುಚ್ಚಿಸಿ ಕೇಳಿಸು, ಇದು ಅವಳದು ಎನ್ನುತ್ತಾರೆ.

ಹೋದ ಶುಕ್ರವಾರ ಮಧ್ಯಾಹ್ನ ಅಮ್ಮನೇ ಕೇಳಿದಳು. ತನ್ನ ಅಳು ವಾದ್ಯವೃಂದದ ಪಾಲಾಗಿದೆ ಎಂದು ಅವಳಿಗೆ ಮೊದಲೇ ತಿಳಿದಿತ್ತು. ಹುರುಳಿಕಾಯಿಯ ನಾರು ತೆಗೆಯುತ್ತಾ, ನನ್ನ ಮುಖ ನೋಡದೆ, "ಆ ಮುದುಕ ನನ್ನ ಅಳುವನ್ನ ಏನು ಮಾಡಿಟ್ಟಿದಾನೆ, ಒಂದ್ಸಲ ಕೇಳಿಸೇ" ಎಂದಳು. ಊರೆಲ್ಲ ಮಲಗುವ ಹೊತ್ತು. ಆ ಹೊತ್ತಿನಲ್ಲಿ ಇಲ್ಲಿ ಯಾರೂ ಬಾವಿಯ ಮುಚ್ಚಳವನ್ನೂ ಸದ್ದಾಗುವಂತೆ ಇಡುವುದಿಲ್ಲ. ಅದಕ್ಕೇ ನಾನು ಮೇಲಿನ ಕೋಣೆಗೆ ಹೋಗಿ, ತಂತಿಗಳ ಕೆಳಗಿನ ಕುದುರೆಗೆ ಸದ್ದಡಗಿಸುವ ರಬ್ಬರ್ ತುಂಡು ಸಿಕ್ಕಿಸಿ ನುಡಿಸಿದೆ. ಸೆಖೆಗೆ ಕಿಟಕಿ ಮುಚ್ಚಲಿಲ್ಲ. ಆ ರಬ್ಬರ್ ತುಂಡು ಸದ್ದನ್ನು ಸಣ್ಣದು ಮಾಡುತ್ತದೆ, ಅದರ ಜೊತೆಗೆ ದನಿಯನ್ನೂ ಬದಲಾಯಿಸುತ್ತದೆ. ಬಾಯಿಗೆ ತಲೆವಸ್ತ್ರ ತುಂಬಿಕೊಂಡು ಹಾಡುವವರ ದನಿಯಾಗುತ್ತದೆ ಅದು. ನುಡಿಸಿ ಮುಗಿಸಿದೆ. ಕೆಳಗೆ ಅಮ್ಮ ಹುರುಳಿಕಾಯಿ ಮುರಿಯುವ ಸದ್ದು ಮತ್ತೆ ಶುರುವಾಯಿತು. ನಾನು ತಂತಿ ಸಡಿಲಿಸಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಒರಗಿದೆ.

ಕಣ್ಣು ಹತ್ತುವಷ್ಟರಲ್ಲಿ ಅದೇ ಧಾಟಿ ಮತ್ತೆ ಕೇಳಿಸಿತು. ನನ್ನ ವಾದ್ಯವೇ ತಾನಾಗಿ ನುಡಿಯುತ್ತಿದೆ ಎಂದುಕೊಂಡೆ. ಆಮೇಲೆ ಅದಕ್ಕೆ ಮಾತುಗಳಿವೆ ಎಂದು ಗೊತ್ತಾಯಿತು. "ಬೆಳ್ಳಿಯ ಹೆಸರಿನವನೇ, ಅರ್ಗಿರೀ, ಉಪ್ಪುನೀರೇ ನಿನಗೆ ಹಾಸಿಗೆಯಾಯಿತೇ? ಕಣ್ಣು ಮುಚ್ಚಿಸಿದವರು ಯಾರೋ ಮಗನೇ, ನಿನ್ನ ಹಣೆಗೆ ಮುತ್ತಿಟ್ಟವರು ಯಾರೋ?" ನಾನು ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಅಡುಗೆಮನೆ ತುಂಬ ಕಪ್ಪು ಬಟ್ಟೆಯ ಹೆಂಗಸರು. ಪಕ್ಕದ ಮನೆಯ ಲಿಗೇರಿ ಅತ್ತೆ ತಲೆವಸ್ತ್ರ ತೆಗೆದು ಕೂದಲು ಬಿಚ್ಚಿಕೊಂಡು ಹಾಡುತ್ತಿದ್ದಾಳೆ. ಅವಳ ಪಕ್ಕದಲ್ಲಿ ಅಮ್ಮ. ಅಮ್ಮನ ಕೂದಲೂ ಬಿಚ್ಚಿದೆ, ಹುರುಳಿಕಾಯಿಯೆಲ್ಲ ನೆಲದ ಮೇಲೆ. ಎದುರು ಮನೆಯ ಕಿರಿಯಾಕೂ ಆಗಲೇ ಕಾಫಿಗೆ ಒಲೆ ಹಚ್ಚಿದ್ದಾಳೆ. ನನಗೆ ಏನು ತಿಳಿಯಬೇಕು? ಪಿರಾಯಸ್‌ನಿಂದ ಸುದ್ದಿ ಬಂದಿದೆ, ನಾನು ಮಲಗಿದ್ದೆನೆಂದು ನನಗೆ ಹೇಳಿಲ್ಲ ಎಂದುಕೊಂಡೆ. ಬಾಗಿಲಿನ ಚೌಕಟ್ಟು ಹಿಡಿದು ನಿಂತೆ. ಅಷ್ಟು ಹೊತ್ತು ನೀನು ಸತ್ತಿದ್ದೆ, ಅರ್ಗಿರೀ. ಅದನ್ನು ನಿನಗೆ ಬರೆಯಬಾರದೇನೋ. ಆದರೆ ಹಗುರ ಮಾಡಿಕೊಳ್ಳಲು ಇನ್ನು ಯಾರಿದ್ದಾರೆ ನನಗೆ?

ಕೊನೆಗೆ ನಾನೇ ಕೇಳಿದೆ, "ಯಾರು ಹೇಳಿದ್ರು? ಫೋನ್ ಯಾರಿಗೆ ಬಂತು?" ಲಿಗೇರಿ ಅತ್ತೆ ಹಾಡು ನಿಲ್ಲಿಸಿ ಅಮ್ಮನ ಕಡೆ ಕೈ ತೋರಿಸಿದಳು. ಅಮ್ಮ ಅವಳ ಕಡೆ ಕೈ ತೋರಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ನೀನು ಹಾಡ್ತಾ ಇದ್ಯಲ್ಲೇ ಸ್ತಮಾತಾ! ಎಲ್ರೂ ಮಲಗೋ ಹೊತ್ತಲ್ಲಿ, ಬಾಯಿ ಮುಚ್ಕೊಂಡು! ನನ್ನ ಕಿವಿಯಾರೆ ಕೇಳಿದೀನಿ" ಎಂದಳು ಅತ್ತೆ. "ನಾನೆಲ್ಲೇ ಹಾಡ್ದೆ? ನೀವು ಕೂದಲು ಬಿಚ್ಕೊಂಡು, ನಮಸ್ಕಾರ ಸಹ ಹೇಳ್ದೆ ಒಳಗೆ ಬಂದ್ರಿ. ರೇಡಿಯೋದಲ್ಲಿ ಬಂತು ಅಂದ್ಕೊಂಡೆ" ಎಂದಳು ಅಮ್ಮ. ಸಾವಿನ ಮನೆಗೆ ಬರುವವರಲ್ಲದೆ ಇನ್ನಾರು ನಮ್ಮಲ್ಲಿ ನಮಸ್ಕಾರ ಹೇಳದೆ ಹೊಸಿಲು ದಾಟುತ್ತಾರೆ? ತೆರೆದ ಕಿಟಕಿಯಿಂದ ಕೇಳಿಸಿದ್ದು ನನ್ನ ವಿಯೋಲಾ ಎಂದು ನಾನೇ ಹೇಳಬೇಕಾಯಿತು. ಕಿರಿಯಾಕೂ ಒಲೆಯ ಮುಂದಿನಿಂದ, "ಹಾಗಾದ್ರೆ ಯಾರೂ ಸತ್ತಿಲ್ವಾ? ನಾನು ಇಷ್ಟು ದೊಡ್ಡ ಪಾತ್ರೆ ತುಂಬ ಕಾಫಿ ಇಟ್ಟಿದೀನಲ್ರೇ!" ಎಂದಳು. ಯಾರೋ ನಕ್ಕರು. ಆ ನಗೆ ಅಳುವಿಗಿಂತ ಭಯಂಕರವಾಗಿತ್ತು.

ನಾನು ಕಚೇರಿಗೆ ಫೋನ್ ಮಾಡಿದೆ. ಆ ಹುಡುಗ ತನ್ನ ಒಂದೇ ವಾಕ್ಯವನ್ನು ಹೇಳಿದ. ಅದನ್ನು ಇಷ್ಟು ದಿನ ಬೈದುಕೊಂಡಿದ್ದವಳು ಅಂದು ಇನ್ನೊಮ್ಮೆ ಹೇಳು ಎಂದು ಬೇಡಿಕೊಂಡೆ, ಫೋನನ್ನು ಎಲ್ಲರಿಗೂ ಕೇಳಿಸುವಂತೆ ಹಿಡಿದೆ. ಸಾವಿನ ಮನೆಯ ಕಾಫಿ ಕಹಿಯಾಗಿಯೇ ಇರಬೇಕಲ್ಲ, ಕಿರಿಯಾಕೂ ಹಾಗೆಯೇ ಮಾಡಿದ್ದಳು. ಅಮ್ಮ ಎದ್ದು ಸಕ್ಕರೆ ಡಬ್ಬ ತಂದು ಒಬ್ಬೊಬ್ಬರ ಬಟ್ಟಲಿಗೂ ಸುರಿದಳು, ಕಲಸಲೂ ಬಾರದಷ್ಟು ಸುರಿದಳು. "ಕುಡೀರಿ" ಎಂದಳು. ಸಕ್ಕರೆ ಕಾಯಿಲೆಯ ಲಿಗೇರಿ ಅತ್ತೆಯೂ ತಳದವರೆಗೆ ಕುಡಿದಳು. ಹೋಗುವಾಗ ಎಲ್ಲರೂ ನಮಸ್ಕಾರ ಹೇಳಿ ಹೋದರು.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಅಂದಿನಿಂದ ಅಮ್ಮ ಕೂದಲು ಕಟ್ಟಿಲ್ಲ. "ಬಿಚ್ಚಿದ್ದು ನಾನು. ಯಾರೂ ಹೇಳದೆ, ಕೇಳದೆ, ನನ್ನ ಮಗ ಸತ್ತ ಅಂತ ನಂಬಿದ್ದು ನಾನು. ತಾಯಿ ನಂಬಿದ ಮೇಲೆ ಇನ್ನೇನು ಉಳೀತು ಅವನಿಗೆ?" ಎನ್ನುತ್ತಾಳೆ. ಮೇರಿ ಮಾತೆಯ ಹಬ್ಬಕ್ಕೆ ಚರ್ಚಿಗೆ ಹೋಗಲಿಲ್ಲ. ಹಬ್ಬದ ಮುಂಚಿನ ಉಪವಾಸ ಮುಗಿದರೂ ಅವಳ ಉಪವಾಸ ಮುಗಿದಿಲ್ಲ. ನಾನು ಮುಂದೆ ಕೂತರೆ ಎರಡು ತುತ್ತು, ಅಷ್ಟೇ. ನನಗಾದರೂ ಧೈರ್ಯ ಹೇಳಲು ಬರಬೇಕಿತ್ತು. ಇಷ್ಟು ಓದಿದವಳು, ಶೋಕದ ಕವಿತೆಗಳ ಮೇಲೆ ಪ್ರಬಂಧ ಬರೆದು ಪದವಿ ಪಡೆದವಳು. ಆ ಪುಸ್ತಕಗಳಲ್ಲಿ ಯಾವುದೂ ಈಗ ಬಾಯಿಗೆ ಬರುತ್ತಿಲ್ಲ. ರಾತ್ರಿಯಿಡೀ ಅವಳು ಗೋಡೆಯಾಚೆ ಹೊರಳುವುದನ್ನು ಕೇಳುತ್ತಾ, ನನಗೂ ಅವಳದೇ ಭಯ ಹಿಡಿಯುತ್ತದೆ.

ಸೋಮವಾರ ಮಾಯೆಸ್ತ್ರೋ ತಾವೇ ಬಂದರು. ಯಾರು ಹೇಳಿದರೋ, ಈ ಬೆಟ್ಟದಲ್ಲಿ ಗಾಳಿಗೂ ಬಾಯಿದೆ. ಆ ವಯಸ್ಸಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ಹತ್ತಿ ಬಂದು, ಕೂರಲೂ ಇಲ್ಲ. "ಸ್ತಮಾತಾ, ಆ ಭಾಗ ತೆಗೆದುಬಿಡ್ತೀನಿ. ಡಿಮೀಟರ್ ಇಲ್ದೇ ಇದ್ರೂ ಒಲಿಂಪಸ್ ಬಿದ್ದು ಹೋಗಲ್ಲ" ಎಂದರು. ಅವರಿಗೆ ಅದೇ ಮಾಲೆಯ ಜೀವ ಎಂದು ನನಗೆ ಗೊತ್ತು. ಅಮ್ಮ ಅವರನ್ನು ಕಣ್ಣೆತ್ತಿ ನೋಡಿ, ನಾವು ಎಣಿಸದ ಪ್ರಶ್ನೆ ಕೇಳಿದಳು. "ಆ ಹೆಂಗಸಿಗೆ ಮಗಳು ವಾಪಸ್ ಸಿಕ್ಕಳಾ?" ಮಾಯೆಸ್ತ್ರೋ ತಡವರಿಸಿದರು. "ಸಿಕ್ಕಳು. ಪೂರ್ತಿ ಅಲ್ಲ. ವರ್ಷದಲ್ಲಿ ಕೆಲವು ತಿಂಗಳು ಮನೇಲಿ, ಉಳಿದದ್ದು ಕೆಳಗೆ, ಅಲ್ಲಿ." ಅಮ್ಮ ಬೆರಳು ಮಡಿಚಿ ತಿಂಗಳು ಎಣಿಸಿದಳು. "ಹಡಗಿನವರ ತಾಯಂದಿರಿಗೆ ಯಾವತ್ತೂ ಸಿಕ್ಕಿದ್ದು ಅಷ್ಟೇ ಅಲ್ವಾ, ಫೋಕಿಯೋನ್. ಅವಳಿಗೆ ಅಷ್ಟು ಕೊಟ್ರಲ್ಲ, ನನಗೂ ಅಷ್ಟೇ ಕೊಡ್ಲಿ. ನಾನು ಜಾಸ್ತಿ ಕೇಳಲ್ಲ" ಎಂದಳು.

ಆಮೇಲೆ ಹೇಳಿದಳು, ನುಡಿಸಿ, ಆದರೆ ಕೊನೆಯ ಸ್ವರ ಇಳಿಸಬೇಡಿ. "ನಾನು ಹಾಡೋವಾಗ ಕೊನೆಗೆ ಇಳಿಸ್ತೀನಲ್ಲ, ಅದು ಪೆಟ್ಟಿಗೇನ ಹಗ್ಗದಲ್ಲಿ ಕೆಳಗೆ ಬಿಟ್ಟ ಹಾಗೆ. ಇಳಿಸಿದ್ರೆ ಒಪ್ಪಿಸಿದ ಹಾಗೆ. ನನ್ನ ಮಗನಿಗೆ ಇಳಿಸ್ಬೇಡಿ. ಎಲ್ಲಿ ಮುರೀತದೋ ಅಲ್ಲೇ ಹಿಡ್ಕೊಂಡಿರಿ, ಕೈ ಸೋಲೋ ತನಕ." ಮಾಯೆಸ್ತ್ರೋ ಜೇಬಿನಿಂದ ಪೆನ್ಸಿಲ್ ತೆಗೆದು ಅಲ್ಲೇ, ಅಂಜೂರದ ತಟ್ಟೆಯ ಪಕ್ಕದಲ್ಲಿ, ಕೊನೆಯ ಸಾಲನ್ನು ಹೊಡೆದುಹಾಕಿದರು. ನನ್ನ ಸ್ವರ ನೆಲ ಮುಟ್ಟಿದ ಮೇಲೆ ಕೊಂಬಿನ ಕಹಳೆಗಳೂ ಮಂದ್ರದ ತಂತಿಗಳೂ ಬಂದು ಅದನ್ನು ಮುಚ್ಚಬೇಕಿತ್ತು. ಈಗ ಅವರಾರೂ ಬರುವಂತಿಲ್ಲ.

ನಿನ್ನೆ ಕಲಾಮಾತಾದಲ್ಲಿ ಅಭ್ಯಾಸವಾಯಿತು. ಕಹಳೆಯ ಯುಲಿಸಿಸ್ ಇದ್ದಾನಲ್ಲ, ಕಡಲೆಲ್ಲ ಅಲೆದ ವೀರನ ಹೆಸರಿಟ್ಟುಕೊಂಡು ಎಂದೂ ಊರು ಬಿಟ್ಟು ಹೋಗದವನು, "ಇಡೀ ಭಾಗದಲ್ಲಿ ನಮಗಿದ್ದದ್ದೇ ಆ ಒಂದು ಸ್ವರ, ಅದನ್ನೂ ನಿಮ್ಮಮ್ಮ ಕಿತ್ಕೊಂಡ್ರಲ್ಲ ಕಣೇ ಎವಾಂಥಿಯಾ!" ಎಂದು ಗೊಣಗಿದ. ಯಾಕೆಂದು ಮಾಯೆಸ್ತ್ರೋ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡ, ಬಿಡುವಿನಲ್ಲಿ ಬಂದು ನನ್ನ ಕೈಗೆ ಒಂದು ತಣ್ಣನೆಯ ನಿಂಬೆಹಣ್ಣಿನ ಪಾನಕ ಕೊಟ್ಟು ಹೋದ. ತೊಂದರೆ ಅವರದಲ್ಲ, ನನ್ನ ಬೆರಳಿನದು. ಜೂನ್‌ನಿಂದ ಕಲಿತದ್ದು, ಅದಕ್ಕಿಂತ ಮುಂಚೆ ಹುಟ್ಟಿದಾಗಿನಿಂದ ಕೇಳಿದ್ದು. ಮುರಿಯುವ ಜಾಗದಲ್ಲಿ ನಿಲ್ಲು ಎಂದರೆ ಬೆರಳು ನಿಲ್ಲುವುದಿಲ್ಲ. ತಾನಾಗಿ ತಂತಿಯ ಮೇಲೆ ಜಾರಿ ಇಳಿಯುತ್ತದೆ. ಮತ್ತೆ ಮತ್ತೆ ನುಡಿಸಿದೆ. ಪ್ರತಿಸಲವೂ ಇಳಿಯಿತು. ಕೊನೆಗೆ ಮಾಯೆಸ್ತ್ರೋ ಕೋಲು ಕೆಳಗಿಟ್ಟು, "ಹೋಗು ಮಗಳೇ, ಮನೆಗೆ ಹೋಗು" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಎಡಗೈಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಂದೆ. ನೀನು ನಗುತ್ತೀಯ. ನನ್ನ ಒಂದು ಬೆರಳಿಗೂ ಹಿಂದೂ ಮಹಾಸಾಗರದಲ್ಲಿರುವ ನಿನ್ನ ಜೀವಕ್ಕೂ ಏನು ಸಂಬಂಧ ಎನ್ನುತ್ತೀಯ. ಯಂತ್ರ ತಿಳಿದವನು ನೀನು, ಹಾಗನ್ನಬೇಕು. ದಯವಿಟ್ಟು ಹಾಗೆ ಅನ್ನು. ಯಾರಾದರೂ ಹಾಗೆ ಹೇಳಿ ನನಗೆ ಬೈಯಬೇಕು. ಇಲ್ಲಿ ಯಾರೂ ಬೈಯುತ್ತಿಲ್ಲ, ಎಲ್ಲರೂ ನನ್ನ ಬೆರಳನ್ನೇ ನೋಡುತ್ತಿದ್ದಾರೆ.

ಮಂಗಳವಾರ ಅಮ್ಮ ಬರುತ್ತಾಳಂತೆ. ಬಿಚ್ಚಿದ ಕೂದಲಿನಲ್ಲೇ ಮುಂದಿನ ಕಲ್ಲಿನ ಮೇಲೆ ಕೂರುತ್ತಾಳಂತೆ. ನೀನು ಎಲ್ಲಿದ್ದರೂ ಹುಣ್ಣಿಮೆ ಕಾಣುತ್ತದೆಯಲ್ಲ, ಹಡಗಿನ ಮೇಲೆ ಬರಲು ಬಿಟ್ಟರೆ ನೋಡು. ಆ ಹೊತ್ತಿಗೆ ನಾನು ಹಿಡಿದುಕೊಂಡಿರುತ್ತೇನೆ, ಹೇಗಾದರೂ.

ಹೊಟ್ಟೆ ಖಾಲಿ ಬಿಡಬೇಡ, ಜಗಳಕ್ಕೆ ಹೋಗಬೇಡ. ನಿನಗೆ ಬೇಗ ಕೋಪ ಬರುತ್ತದೆ, ಅದೇ ನನಗೆ ಹೆದರಿಕೆ. ನಿಮ್ಮ ಕ್ಯಾಪ್ಟನ್ನರಿಗೆ ನಮಸ್ಕಾರ ಹೇಳು, ಅವರ ಹೆಂಡತಿ ಆಗಾಗ ಫೋನ್ ಮಾಡುತ್ತಾರೆ, ನಾವಿಬ್ಬರೂ ಸುಮ್ಮನೆ ಸ್ವಲ್ಪ ಹೊತ್ತು ಹಿಡಿದುಕೊಂಡು ಇಟ್ಟುಬಿಡುತ್ತೇವೆ. ಅಮ್ಮನ ಆಶೀರ್ವಾದ, ಅವಳು ಬರೆಯಿಸಿದ ಹಾಗೆಯೇ ಬರೆಯುತ್ತೇನೆ: ಮೇರಿ ಮಾತೆ ನಿನ್ನ ಮುಂದೆ ನಡೆಯಲಿ, ಸಂತ ನಿಕೋಲಾ ನಿನ್ನ ಹಿಂದೆ ನಿಲ್ಲಲಿ, ನಡುವೆ ಯಾರೂ ಬರದಿರಲಿ.

ನಿನ್ನನ್ನೇ ಕಾಯುತ್ತಿರುವ ಅಕ್ಕ,
ಎವಾಂಥಿಯಾ

ಮರೆತಿದ್ದೆ ಎನ್ನಬೇಡ, ಇದನ್ನೇ ಹೇಳಬೇಕಿತ್ತು: ಬೆಳಗಾಗಿದೆ, ಬಸ್ಸು ಚೌಕದಲ್ಲಿ ಹಾರನ್ ಹೊಡೆಯುತ್ತಿದೆ. ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಓದಿ ಹರಿದುಬಿಡು. ಔಷಧ ತಲುಪಿದ ಮೇಲೆ ಆ ಬಂದೂಕಿನವರು ನಿಮ್ಮಿಂದ ಒಬ್ಬೊಬ್ಬರ ಮನೆಗೂ ಫೋನ್ ಮಾಡಿಸಬಹುದಂತೆ. ನಾವು ಅತ್ತರೆ, ಕೂಗಿದರೆ, ನಿಮ್ಮ ಬೆಲೆ ಏರುತ್ತದೆ, ಬಿಡುಗಡೆ ಇನ್ನೂ ದೂರ ಹೋಗುತ್ತದೆ. ಯಾವ ಕಾರಣಕ್ಕೂ ಅಳಬೇಡಿ, ಬೇಕಾಗಿಲ್ಲದವರ ಹಾಗೆ ಮಾತಾಡಿ ಎಂದು ಕಚೇರಿಯವರು ಕಟ್ಟಪ್ಪಣೆ ಮಾಡಿದ್ದಾರೆ. ಆದ್ದರಿಂದ ಫೋನ್ ಎತ್ತಿದಾಗ ಅಮ್ಮ "ಯಾರು? ಅರ್ಗಿರೀಸಾ? ಈಗ ಕೆಲಸ ಇದೆ, ಆಮೇಲೆ ಮಾಡು" ಎನ್ನುತ್ತಾಳೆ. ನಂಬಬೇಡ. ಬೆಳಿಗ್ಗೆಯಿಂದ ಕೋಳಿಗಳಿಗೆ ಕಾಳು ಹಾಕುತ್ತಾ ಅದನ್ನೇ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಾಳೆ. "ಕೆಲಸ ಇದೆ" ಎನ್ನುವ ತನಕ ದನಿ ಗಟ್ಟಿಯಾಗಿರುತ್ತದೆ, ಅದರಾಚೆಗೆ ಒಂದು ಸಲವೂ ದಾಟಿಲ್ಲ. ಆ ಮಾತು ಕೇಳಿಸಿದ ಕೂಡಲೇ ನೀನೇ ಫೋನ್ ಇಟ್ಟುಬಿಡು.